ಅಲ್ಜೀರಿಯಾದ ಅಮೀರ್ ಅಬ್ದುಲ್ ಖಾದಿರ್

ಪರಕೀಯರ ಸೇನೆಯೊಂದು ನಾಡಿನೊಳಗೆ ನುಗ್ಗಿದಾಗ ಅಲ್ಲಿನ ಜನರೆಲ್ಲ ಒಂದೇ ಮನಸ್ಸಿನಿಂದ ಎದ್ದು ನಿಲ್ಲುತ್ತಾರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವೀರರ ಚರಿತ್ರೆಗಳನ್ನು ಬರೆಯುವವರೂ ಹಾಗೆಯೇ ಬರೆಯುತ್ತಾರೆ. ಆದರೆ ಹೊಲದಲ್ಲಿ ಪೈರು ಕೊಯ್ಲಿಗೆ ನಿಂತಿರುವಾಗ ಮನೆಯ ದುಡಿಯುವ ಮಗನನ್ನು ಯುದ್ಧಕ್ಕೆ ಕಳುಹಿಸಿಕೊಡುವುದು ಯಾವ ತಂದೆಗೂ ಸುಲಭವಲ್ಲ. ಒಂದು ವರ್ಷ ಕಳುಹಿಸಿಯಾನು, ಎರಡನೆಯ ವರ್ಷವೂ ಕಳುಹಿಸಿಯಾನು. ಹದಿನೈದು ವರ್ಷ? ಫ್ರೆಂಚರ ವಿರುದ್ಧ 1832ರಿಂದ 1847ರವರೆಗೆ ಅಲ್ಜೀರಿಯಾದ ಹೋರಾಟವನ್ನು ಮುನ್ನಡೆಸಿದ ಅಮೀರ್ ಅಬ್ದುಲ್ ಖಾದಿರ್ ಅವರ ಬದುಕಿನಲ್ಲಿ ಈ ಪ್ರಶ್ನೆ ಮೊದಲಿನಿಂದ ಕೊನೆಯವರೆಗೂ ಇತ್ತು. ಅವರ ಶೌರ್ಯದ ಕಥೆ ಹಲವರಿಗೆ ಗೊತ್ತು. ಜನರ ಬೆಂಬಲವನ್ನು ಅವರು ಹೇಗೆ ಪಡೆದರು, ಹೇಗೆ ಉಳಿಸಿಕೊಂಡರು, ಎಲ್ಲಿ ಕಳೆದುಕೊಂಡರು ಎಂಬುದರ ಕಡೆ ಗಮನ ಹರಿದದ್ದು ಕಡಿಮೆ.

ಅವರು ಹುಟ್ಟಿದ್ದು 1808ರಲ್ಲಿ, ಪಶ್ಚಿಮ ಅಲ್ಜೀರಿಯಾದ ಮುಅಸ್ಕರ್ ಪಟ್ಟಣದ ಸಮೀಪದ ಅಲ್-ಗೈತನ ಎಂಬ ಊರಿನಲ್ಲಿ. ತಂದೆ ಮುಹ್ಯಿದ್ದೀನ್ ಆ ಪ್ರದೇಶದ ಖಾದಿರಿಯ್ಯಾ ತರೀಖತ್‌ನ ಮುಖ್ಯಸ್ಥರು. ಬಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಹೆಸರನ್ನೇ ಮಗನಿಗಿಟ್ಟರು. ಗ್ಯಾರವೀಂ ಆಚರಿಸುವ ನಮ್ಮ ಮನೆಗಳಲ್ಲೂ ಅದೇ ಹೆಸರಿನ ಮಕ್ಕಳಿಗೆ ಕೊರತೆಯಿಲ್ಲ. ಬಾಲ್ಯದಲ್ಲೇ ಕುರ್‌ಆನ್ ಕಂಠಪಾಠ ಮಾಡಿದ ಹುಡುಗ ಓರಾನ್ ನಗರದಲ್ಲಿ ಓದು ಮುಂದುವರಿಸಿದ. ಕುದುರೆ ಸವಾರಿಯಲ್ಲೂ ಹೆಸರು ಮಾಡಿದ. ಇಪ್ಪತ್ತು ತುಂಬುವುದರೊಳಗೆ ತಂದೆಯೊಂದಿಗೆ ಹಜ್ ಯಾತ್ರೆಗೆ ಹೊರಟು ಈಜಿಪ್ಟ್, ದಮಾಸ್ಕಸ್, ಬಗ್ದಾದ್‌ಗಳನ್ನು ಕಂಡುಬಂದ. ಮುಹಮ್ಮದಲಿ ಪಾಶಾ ಈಜಿಪ್ಟಿನಲ್ಲಿ ಹೊಸ ಮಾದರಿಯ ಸೇನೆ ಕಟ್ಟುತ್ತಿದ್ದ ಕಾಲವದು. ಊರಿಗೆ ಮರಳಿದ ಮೇಲೆ ಆತ ಬಯಸಿದ್ದು ಗ್ರಂಥಗಳ ನಡುವಿನ ಬದುಕನ್ನು. ಅದು ಸಿಕ್ಕಿದ್ದು ಬಹಳ ವರ್ಷಗಳ ನಂತರ, ಅದೂ ಪರದೇಶದಲ್ಲಿ.

1830ರ ಜೂನ್‌ನಲ್ಲಿ ಸುಮಾರು 37 ಸಾವಿರ ಫ್ರೆಂಚ್ ಸೈನಿಕರು ಅಲ್ಜೀರ್ಸ್ ಬಳಿಯ ಕಡಲ ತೀರದಲ್ಲಿ ಇಳಿದರು. ಜುಲೈ 5ರಂದು ನಗರ ಶರಣಾಯಿತು. ಉಸ್ಮಾನಿ ಸುಲ್ತಾನರ ಹೆಸರಿನಲ್ಲಿ ಆಳುತ್ತಿದ್ದ ದೇ ಹುಸೈನ್ ದೇಶ ಬಿಟ್ಟು ಹೋದರು. ಮೂರು ಶತಮಾನಗಳ ತುರ್ಕಿ ಆಡಳಿತ ಮೂರು ವಾರಗಳಲ್ಲಿ ಮುಗಿದುಹೋಯಿತು. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ತುರ್ಕಿ ಅಧಿಕಾರಿಗಳು ಸಾಮಾನ್ಯ ಗೋತ್ರಗಳಿಂದ ತೆರಿಗೆ ವಸೂಲಿ ಮಾಡುತ್ತಿದ್ದರು. ಆ ವಸೂಲಿಗೆ ಮಖ್ಝನ್ ಎಂದು ಕರೆಯಲ್ಪಡುತ್ತಿದ್ದ ಕೆಲವು ಗೋತ್ರಗಳನ್ನು ಇಟ್ಟುಕೊಂಡು ಅವರಿಗೆ ಮಾತ್ರ ತೆರಿಗೆ ವಿನಾಯಿತಿ ನೀಡಿದ್ದರು. ಇಂಥ ಸರಕಾರಕ್ಕಾಗಿ ಪ್ರಾಣ ಕೊಡಲು ಹಳ್ಳಿಯ ರೈತನಿಗೆ ಕಾರಣವೇ ಇರಲಿಲ್ಲ.

ಸರಕಾರವಿಲ್ಲದ ನಾಡಿನಲ್ಲಿ ಹಳೆಯ ಜಗಳಗಳು ಹೊತ್ತಿಕೊಂಡವು. ದಾರಿಗಳು ಸುರಕ್ಷಿತವಾಗಿ ಉಳಿಯಲಿಲ್ಲ. 1831ರಲ್ಲಿ ಓರಾನ್ ಕೂಡಾ ಫ್ರೆಂಚರ ವಶವಾಯಿತು. ಪಶ್ಚಿಮದ ಜನರು ಮೊದಲು ನೆರವು ಕೇಳಿದ್ದು ಮೊರಾಕ್ಕೊದ ಸುಲ್ತಾನರಲ್ಲಿ. ಸುಲ್ತಾನರು ಕಳುಹಿಸಿದ ಪ್ರತಿನಿಧಿ ಫ್ರೆಂಚರ ಒತ್ತಡದಿಂದಾಗಿ ಹಿಂದಿರುಗಿದರು. ಆಗ ಗೋತ್ರಗಳ ಮುಖಂಡರೂ ಉಲಮಾಗಳೂ ಮುಹ್ಯಿದ್ದೀನರ ಬಳಿ ಬಂದು ನಾಯಕತ್ವ ವಹಿಸಿಕೊಳ್ಳಲು ಒತ್ತಾಯಿಸಿದರು. ತನಗೆ ವಯಸ್ಸಾಗಿದೆಯೆಂದ ಅವರು ಮಗನ ಹೆಸರನ್ನು ಮುಂದಿಟ್ಟರು. 1832ರ ನವೆಂಬರ್‌ನಲ್ಲಿ ಗ್ರೀಸ್ ಬಯಲಿನ ದೊಡ್ಡ ಮರವೊಂದರ ಕೆಳಗೆ ಗೋತ್ರದ ಹಿರಿಯರು 24ರ ಹರೆಯದ ಅಬ್ದುಲ್ ಖಾದಿರರ ಕೈ ಹಿಡಿದು ಬೈಅತ್ ಮಾಡಿದರು. ಅಷ್ಟಕ್ಕೆ ತೃಪ್ತರಾಗದ ಯುವ ಅಮೀರ್ ನಾಡಿನ ಉಳಿದ ಗೋತ್ರಗಳಿಗೂ ಪತ್ರ ಬರೆದು ಕರೆಸಿದರು. 1833ರ ಫೆಬ್ರವರಿಯಲ್ಲಿ ಮುಅಸ್ಕರಿನ ಮಸೀದಿಯಲ್ಲಿ ಇನ್ನೊಮ್ಮೆ ಹೆಚ್ಚು ಜನರ ಬೈಅತ್ ನಡೆಯಿತು.

ಈ ಎರಡನೆಯ ಬೈಅತ್‌ಗೆ ಮಹತ್ವವಿದೆ. ಬೈಅತ್ ಎಂದರೆ ಎರಡೂ ಕಡೆಯವರನ್ನು ಕಟ್ಟಿಹಾಕುವ ಕರಾರು. ಅಮೀರ್ ಶರೀಅತ್ ಪ್ರಕಾರ ಆಳಬೇಕು, ನ್ಯಾಯ ನೀಡಬೇಕು, ನಾಡನ್ನು ರಕ್ಷಿಸಬೇಕು. ಜನರು ಝಕಾತ್ ಮತ್ತು ಉಶ್ರ್ ಕೊಡಬೇಕು, ಕರೆದಾಗ ಯುದ್ಧಕ್ಕೆ ಬರಬೇಕು. ತುರ್ಕಿಯರ ಕಾಲದ ಇತರ ತೆರಿಗೆಗಳನ್ನು ಅವರು ಕೈಬಿಟ್ಟರು. ಮನೆಯ ಹೆಂಗಸರು ನೇಯ್ದ ಬಟ್ಟೆಯನ್ನೇ ಉಟ್ಟರು. ಬೈತುಲ್‌ಮಾಲ್‌ನ ಹಣವನ್ನು ಸ್ವಂತಕ್ಕೆ ಮುಟ್ಟಲಿಲ್ಲ. ಮುಂದೆ ಯುದ್ಧದ ಖರ್ಚಿಗಾಗಿ ಹೆಚ್ಚುವರಿ ವಂತಿಗೆ ಕೇಳಬೇಕಾಗಿ ಬಂದಾಗ ಮೊದಲು ತನ್ನ ಕುಟುಂಬದ ಒಡವೆಗಳನ್ನೇ ಮುಅಸ್ಕರಿನ ಸಂತೆಯಲ್ಲಿ ಮಾರಿಸಿದರು. ಆ ಬಳಿಕ ಜನರ ಮುಂದೆ ಕೈಚಾಚಲು ಅವರಿಗೆ ಸಂಕೋಚವಿರಲಿಲ್ಲ, ಕೊಡಲು ಜನರಿಗೂ ನೆಪವಿರಲಿಲ್ಲ.

ಆದರೂ ಮೊದಲ ಪೆಟ್ಟು ಬೇಗನೆ ಬಿತ್ತು. ಅದು ಬಿದ್ದದ್ದು ಶಾಂತಿಯಿಂದ ಎಂಬುದು ವಿಚಿತ್ರ. 1834ರ ಫೆಬ್ರವರಿಯಲ್ಲಿ ಓರಾನಿನ ಫ್ರೆಂಚ್ ಸೇನಾಪತಿ ದೆಮಿಶೆಲ್ ಅಮೀರರೊಂದಿಗೆ ಒಪ್ಪಂದ ಮಾಡಿಕೊಂಡ. ಯುದ್ಧ ನಿಂತಿತು. ಕೂಡಲೇ ಬನೂ ಆಮಿರ್ ಎಂಬ ದೊಡ್ಡ ಗೋತ್ರ ಉಶ್ರ್ ಕೊಡಲು ನಿರಾಕರಿಸಿತು. ಜಿಹಾದ್‌ಗಾಗಿ ಕೊಡುತ್ತಿದ್ದ ತೆರಿಗೆ, ಜಿಹಾದ್ ನಿಂತ ಮೇಲೆ ಯಾಕೆ ಕೊಡಬೇಕು ಎಂಬುದು ಅವರ ವಾದ. ಅಮೀರರು ಮಖ್ಝನ್ ಗೋತ್ರಗಳಿಗೆ ಅವರ ಮೇಲೆ ಏರಿಹೋಗಲು ಸಿದ್ಧರಾಗುವಂತೆ ಸೂಚಿಸಿದರು. ಅಷ್ಟರಲ್ಲಿ ಬನೂ ಆಮಿರ್‌ನ ಮುಖಂಡರು ಮುಅಸ್ಕರಿಗೆ ಬಂದಿದ್ದರು. ಮಸೀದಿಯ ಮಿಂಬರ್‌ನಿಂದಲೇ ಅಮೀರರು ಅವರನ್ನುದ್ದೇಶಿಸಿ ಮಾತನಾಡಿ, ಸರಕಾರ ನಡೆಯುವುದು ಯುದ್ಧದ ದಿನಗಳಲ್ಲಿ ಮಾತ್ರವಲ್ಲವೆಂದು ಮನವರಿಕೆ ಮಾಡಿಕೊಟ್ಟರು. ಅವರು ಒಪ್ಪಿದರು. ದಾಳಿಯ ಆಜ್ಞೆ ರದ್ದಾಯಿತು. ಆದರೆ ಕೊಳ್ಳೆಯ ಆಸೆಗೆ ಬಿದ್ದ ಮಖ್ಝನ್ ನಾಯಕ ಮುಸ್ತಫಾ ಬಿನ್ ಇಸ್ಮಾಈಲ್ ನಿಲ್ಲಲಿಲ್ಲ. ಅವನನ್ನು ತಡೆಯಲು ಹೋದ ಅಮೀರರ ಮೇಲೆ ರಾತ್ರಿ ಹೊತ್ತು ದಾಳಿ ನಡೆದು ಅವರು ಪ್ರಾಣ ಉಳಿಸಿಕೊಂಡು ಬಂದದ್ದೇ ಹೆಚ್ಚು. ಮುಸ್ತಫಾನ ದವಾಇರ್ ಮತ್ತು ಝ್ಮಾಲಾ ಗೋತ್ರಗಳು 1835ರಲ್ಲಿ ಬಹಿರಂಗವಾಗಿಯೇ ಫ್ರೆಂಚರ ಪಕ್ಷ ಸೇರಿದವು. ತೆರಿಗೆ ವಿನಾಯಿತಿಯ ಹಳೆಯ ಸುಖವನ್ನು ಅವರಿಗೆ ಮರೆಯಲಾಗಲಿಲ್ಲ. ಎಲ್ಲರೂ ಸಮಾನರೆಂಬ ನ್ಯಾಯ ಎಲ್ಲರಿಗೂ ರುಚಿಸುವುದಿಲ್ಲವಷ್ಟೆ.

1835ರ ಜೂನ್‌ನಲ್ಲಿ ಮಕ್ತಾ ಎಂಬಲ್ಲಿ ಅಮೀರರು ಫ್ರೆಂಚ್ ಸೇನೆಯನ್ನು ಸೋಲಿಸಿದಾಗ ಸಾವಿರಾರು ಸವಾರರು ಅವರ ಸುತ್ತ ನೆರೆದರು. ಅದೇ ಡಿಸೆಂಬರ್‌ನಲ್ಲಿ ಕ್ಲೋಝೆಲ್ ಎಂಬ ಸೇನಾಪತಿ ಮುಅಸ್ಕರಿಗೆ ನುಗ್ಗಿ ಬೆಂಕಿಯಿಟ್ಟಾಗ ಆ ಸವಾರರಲ್ಲಿ ಹೆಚ್ಚಿನವರು ಮನೆ ಸೇರಿದ್ದರು. ಸುಟ್ಟ ಊರನ್ನು ಬಿಟ್ಟು ಫ್ರೆಂಚರು ಹಿಂದಿರುಗಿದ ಮೇಲೆ ಅವರೇ ನಾಚಿಕೊಂಡು ಮರಳಿದರು. ಗೆದ್ದಾಗ ಬರುವ, ಸೋತಾಗ ಕರಗುವ ಈ ಪಡೆಯನ್ನು ನಂಬಿ ಯುರೋಪಿನ ಸೇನೆಯೊಂದಿಗೆ ಕಾದಾಡಲಾಗದು ಎಂಬುದು ಅಮೀರರಿಗೆ ಮನದಟ್ಟಾಯಿತು.

ಅದಕ್ಕಾಗಿ ಅವರು ಖಾಯಂ ಸೇನೆ ಕಟ್ಟಿದರು. ಸಂತೆಗಳಲ್ಲಿ ಡಂಗುರ ಹೊಡೆಸಿ, ಇಷ್ಟವಿದ್ದವರು ಬಂದು ಹೆಸರು ಬರೆಸಬೇಕೆಂದು ಸಾರಲಾಯಿತು. ಬಂದವರಿಗೆ ಸಮವಸ್ತ್ರ, ಬಂದೂಕು, ಸಂಬಳ, ಆಹಾರದ ಪಡಿ ನಿಗದಿಯಾಯಿತು. ಯಾವ ದರ್ಜೆಯವನಿಗೆ ಎಷ್ಟು, ಗಾಯಗೊಂಡವನಿಗೆ ಏನು ವ್ಯವಸ್ಥೆ ಎಂಬುದನ್ನೆಲ್ಲ ಲಿಖಿತ ನಿಯಮಗಳಲ್ಲಿ ಬರೆಸಿದರು. ಈ ಸೇನೆ ಬೆಳೆದು ಸುಮಾರು 8 ಸಾವಿರ ಕಾಲಾಳು, 2 ಸಾವಿರ ಕುದುರೆ ಸವಾರರು ಮತ್ತು 240 ಫಿರಂಗಿ ಸಿಪಾಯಿಗಳನ್ನು ಹೊಂದಿತು. ಎದುರಿಗಿದ್ದ ಫ್ರೆಂಚ್ ಸೇನೆಯಲ್ಲಾದರೋ ಕಡ್ಡಾಯ ಭರ್ತಿಯೇ ನಡೆಯುತ್ತಿತ್ತು. 1832ರ ಫ್ರೆಂಚ್ ಕಾನೂನಿನಂತೆ ಯುವಕರ ಹೆಸರಿನಲ್ಲಿ ಚೀಟಿ ಎತ್ತಲಾಗುತ್ತಿತ್ತು. ಚೀಟಿ ಬಿದ್ದವನು 7 ವರ್ಷ ಸೇವೆ ಸಲ್ಲಿಸಬೇಕು. ಹಣವಿದ್ದವನು ತನ್ನ ಬದಲಿಗೆ ಬಡವನೊಬ್ಬನನ್ನು ಹಣ ಕೊಟ್ಟು ಕಳುಹಿಸಬಹುದಿತ್ತು! ಅಲ್ಜೀರಿಯಾದ ಬಿಸಿಲಿನಲ್ಲಿ ಜ್ವರಕ್ಕೆ ಬಲಿಯಾದ ಫ್ರೆಂಚ್ ಸಿಪಾಯಿಗಳಲ್ಲಿ ಅನೇಕರು ಇಂಥ ಹಳ್ಳಿಯ ಬಡ ಮಕ್ಕಳು.

ಅಮೀರರ ಕಡೆಯಲ್ಲಿ ಒತ್ತಾಯವೇ ಇರಲಿಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಹತ್ತು ಸಾವಿರ ಜನರ ಸೇನೆ ಇಡೀ ನಾಡಿಗೆ ಸಾಲದು. ಕರೆ ಬಂದಾಗ ಪ್ರತಿಯೊಂದು ಗೋತ್ರವೂ ಸವಾರರನ್ನು ಕಳುಹಿಸಲೇಬೇಕಿತ್ತು. ಸವಾರ ತನ್ನ ಕುದುರೆ, ತನ್ನ ಬುತ್ತಿಯೊಂದಿಗೆ ಬರುತ್ತಿದ್ದ. ಬುತ್ತಿ ಮುಗಿದಾಗ ಅಥವಾ ಬಿತ್ತನೆಯ ಕಾಲ ಬಂದಾಗ ಹೊರಟುಹೋಗುತ್ತಿದ್ದ. ಬರಲೇ ಒಪ್ಪದವರನ್ನು ಏನು ಮಾಡುವುದು? ಶತ್ರುವಿಗೆ ಕುದುರೆ, ಧಾನ್ಯ ಮಾರುವವರನ್ನು? ಝಕಾತ್ ಕೊಡದವರನ್ನು? ಝಕಾತ್ ಸಾಲದಿದ್ದರೆ ಹೆಚ್ಚುವರಿ ವಸೂಲಿ ಮಾಡಬಹುದೇ? ಕತ್ತಿ ಕೈಯಲ್ಲಿದ್ದ ಇನ್ನೊಬ್ಬ ಆಡಳಿತಗಾರನಾಗಿದ್ದರೆ ಇದನ್ನು ಯಾರಲ್ಲೂ ಕೇಳುತ್ತಿರಲಿಲ್ಲ. ಅಮೀರರು ಈ ಪ್ರಶ್ನೆಗಳನ್ನು ಬರೆದು ಮೊರಾಕ್ಕೊದ ಫಾಸ್ ನಗರದ ಉಲಮಾಗಳಿಗೆ ಕಳುಹಿಸಿದರು. ಮಾಲಿಕೀ ಕರ್ಮಶಾಸ್ತ್ರದ ದೊಡ್ಡ ವಿದ್ವಾಂಸರಾಗಿದ್ದ ಅಲಿ ಬಿನ್ ಅಬ್ದುಸ್ಸಲಾಮ್ ಅತ್ತಸೂಲಿ ಅವರು ವಿಸ್ತಾರವಾದ ಉತ್ತರ ಬರೆದರು. ನಾಡು ಅಪಾಯದಲ್ಲಿರುವಾಗ ಇಮಾಮರ ಕರೆಗೆ ಓಗೊಡದವರನ್ನು ಶಿಕ್ಷಿಸಬಹುದು, ಬೈತುಲ್‌ಮಾಲ್ ಬರಿದಾಗಿದ್ದರೆ ಉಳ್ಳವರಿಂದ ವಂತಿಗೆ ಪಡೆಯಬಹುದು ಎಂಬುದು ಅದರ ಸಾರ.

ಆ ಅಧಿಕಾರವನ್ನು ಅವರು ಬಳಸಿದರು. 1837ರ ಮೇ ತಿಂಗಳ ತಾಫ್ನಾ ಒಪ್ಪಂದದಿಂದ ಅಲ್ಜೀರಿಯಾದ ಬಹುಭಾಗ ಅವರ ಆಡಳಿತಕ್ಕೆ ಬಂದಿತ್ತು. ಮರುವರ್ಷ ಸಹಾರಾದಂಚಿನ ಐನ್ ಮಾದಿ ಎಂಬ ಕೋಟೆಯೂರಿನ ತಿಜಾನಿಯ್ಯಾ ಶೈಖ್ ಬೈಅತ್‌ಗೆ ನಿರಾಕರಿಸಿದಾಗ ಅಮೀರರು ಅದಕ್ಕೆ ಮುತ್ತಿಗೆ ಹಾಕಿದರು. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಊರು ಸೋತಿತು, ಗೋಡೆಗಳು ನೆಲಸಮವಾದವು. ಅಮೀರರ ಅಭಿಮಾನಿಗಳು ಈ ಪ್ರಕರಣವನ್ನು ಬೇಗನೆ ದಾಟಿಹೋಗುತ್ತಾರೆ. ಈ ಲೇಖಕನಿಗೆ ಅದು ಅವರ ಬದುಕಿನ ದೊಡ್ಡ ನಷ್ಟಗಳಲ್ಲೊಂದಾಗಿ ಕಾಣುತ್ತದೆ. ಮದ್ದುಗುಂಡು ಮತ್ತು ಸಮಯ ಎರಡೂ ಮುಸ್ಲಿಮರ ಮೇಲೆಯೇ ಖರ್ಚಾದವು. ಹೆದರಿ ಒಪ್ಪಿಕೊಂಡವರು ಕಷ್ಟದ ದಿನಗಳಲ್ಲಿ ಜೊತೆಗೆ ನಿಲ್ಲಲಿಲ್ಲ.

ಅದೇ ಎರಡು ವರ್ಷಗಳ ಶಾಂತಿಯಲ್ಲಿ ನಡೆದ ಒಳ್ಳೆಯ ಕೆಲಸಗಳೂ ಕಡಿಮೆಯಲ್ಲ. ನಾಡನ್ನು ಎಂಟು ಪ್ರಾಂತಗಳಾಗಿ ವಿಂಗಡಿಸಿ ಒಂದೊಂದಕ್ಕೂ ಖಲೀಫರನ್ನು ನೇಮಿಸಲಾಯಿತು. ತಾಗ್ದೆಮ್ತ್‌ನಲ್ಲಿ ನಾಣ್ಯ ಅಚ್ಚಾಯಿತು. ಬಂದೂಕಿನ ಕಾರ್ಖಾನೆಗಳು ಎದ್ದವು. ಹಳ್ಳಿಗಳಲ್ಲಿ ಮಕ್ಕಳ ಓದಿಗೆ ಏರ್ಪಾಡಾಯಿತು. ವಿದ್ಯಾರ್ಥಿಗಳು ತಿಳಿಯಬೇಕಾದ ಮಾತೊಂದಿದೆ. ದಾಳಿಗಳಲ್ಲಿ ಸಿಕ್ಕಿದ ಹಸ್ತಪ್ರತಿಗಳನ್ನು ಹರಿಯಬಾರದು, ತಂದೊಪ್ಪಿಸಬೇಕೆಂದು ಅವರು ಸೈನಿಕರಿಗೆ ಆಜ್ಞೆ ಮಾಡಿದ್ದರು. ತಂದವನಿಗೆ ಬಹುಮಾನವೂ ಇತ್ತು. ದೊಡ್ಡ ಗ್ರಂಥಾಲಯ ಕಟ್ಟುವ ಆಸೆಯಿಂದ ಅವರು ಕೂಡಿಸಿಟ್ಟ ಆ ಗ್ರಂಥಗಳು 1843ರಲ್ಲಿ ಫ್ರೆಂಚ್ ದಾಳಿಗೆ ಸಿಕ್ಕಿ ಚೆಲ್ಲಾಪಿಲ್ಲಿಯಾದವು.

1839ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಸೇನೆ ಬೀಬಾನ್ ಕಣಿವೆಯ ಮೂಲಕ ಸಾಗಿತು. ಒಪ್ಪಂದ ಮುರಿದಂತಾಯಿತೆಂಬ ಸಿಟ್ಟು ಎಲ್ಲೆಡೆ ಹರಡಿತು. ಅಮೀರರು ಇನ್ನಷ್ಟು ಕಾಲಾವಕಾಶ ಬಯಸಿದ್ದರು. ಸೇನೆಯೂ ಕೋಟೆಗಳೂ ಇನ್ನೂ ಅರೆಬರೆಯಾಗಿದ್ದವು. ಆದರೆ ಸಭೆ ಸೇರಿದ ಮುಖಂಡರು ಯುದ್ಧವನ್ನೇ ಬಯಸಿದರು. ಜನರ ಆವೇಶ ನಾಯಕನ ಲೆಕ್ಕಾಚಾರವನ್ನು ಮೀರಿ ನಿಂತ ಗಳಿಗೆಯದು. ನವೆಂಬರ್‌ನಲ್ಲಿ ಯುದ್ಧ ಸಾರಿದರು. ಅಲ್ಜೀರ್ಸ್ ಪಕ್ಕದ ಮಿತಿಜಾ ಬಯಲಿನಲ್ಲಿ ಫ್ರೆಂಚ್ ವಲಸಿಗರ ಜಮೀನುಗಳು ಉರಿದವು, ಬೇಸಾಯಕ್ಕೆಂದು ಬಂದಿದ್ದ ಜನರೂ ಹತರಾದರು.

ಇದಕ್ಕೆ ಫ್ರಾನ್ಸ್ ಕೊಟ್ಟ ಉತ್ತರ ಜನರಲ್ ಬುಜೋ. 1841ರಲ್ಲಿ ಗವರ್ನರ್ ಆಗಿ ಬಂದ ಆತ ಅಮೀರರ ಬಲ ಎಲ್ಲಿದೆಯೆಂಬುದನ್ನು ಸರಿಯಾಗಿ ಗುರುತಿಸಿದ. ಅದು ಇದ್ದದ್ದು ಹೊಲದಲ್ಲಿ. ಮರುಭೂಮಿಯಂಚಿನ ಗೋತ್ರಗಳು ಧಾನ್ಯವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದವು. ಬುಜೋನ ಸಿಪಾಯಿಗಳು ನೆಲವನ್ನು ಚುಚ್ಚಿ ಚುಚ್ಚಿ ಹಗೇವುಗಳನ್ನು ಹುಡುಕಿ ಬರಿದು ಮಾಡಿದರು. ಪೈರು ಸುಟ್ಟರು, ಹಣ್ಣಿನ ಮರಗಳನ್ನು ಕಡಿದರು, ಕುರಿ ದನಗಳನ್ನು ಹೊಡೆದುಕೊಂಡು ಹೋದರು. ಶರಣಾದವರಿಗೆ ಬಿತ್ತಲು ಅವಕಾಶ, ಆಗದವರಿಗೆ ಹಸಿವು. 1845ರ ಜೂನ್‌ನಲ್ಲಿ ದಹ್ರಾ ಬೆಟ್ಟದ ಗುಹೆಯಲ್ಲಿ ಅಡಗಿದ್ದ ಔಲಾದ್ ರಿಯಾಹ್ ಗೋತ್ರದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಬಾಯಿಯಲ್ಲಿ ಬೆಂಕಿಯಿಟ್ಟು ಹೊಗೆಯಿಂದ ಕೊಂದ ಪೆಲಿಸಿಯೆ ಬುಜೋನ ಅಧಿಕಾರಿಯೇ. ಫ್ರೆಂಚ್ ಸೈನಿಕರ ಸಂಖ್ಯೆ 1846ರ ಹೊತ್ತಿಗೆ ಒಂದು ಲಕ್ಷ ದಾಟಿತು. ಅಂದರೆ ಫ್ರಾನ್ಸಿನ ಸೇನೆಯ ಸುಮಾರು ಮೂರನೇ ಒಂದು ಭಾಗ ಈ ಒಂದು ನಾಡಿನಲ್ಲಿತ್ತು.

ಹೀಗಿರುವಾಗ ಗೋತ್ರಗಳು ಒಂದೊಂದಾಗಿ ಬಾಗಿದವು. ಅಮೀರರ ಸವಾರರು ಬಂದರೆ ಅವರ ಕಡೆ, ಫ್ರೆಂಚರು ಬಂದರೆ ಇವರ ಕಡೆ. ಕೆಲವೊಮ್ಮೆ ಎರಡೂ ಕಡೆಯವರಿಂದ ಶಿಕ್ಷೆ. ಅವರನ್ನು ದ್ರೋಹಿಗಳೆಂದು ಕರೆಯುವುದು ಸುಲಭ. ಹಗೇವು ಬರಿದಾದ ಮನೆಯಲ್ಲಿ ಮಕ್ಕಳನ್ನಿಟ್ಟುಕೊಂಡವರ ಸ್ಥಿತಿಯಲ್ಲಿ ನಿಂತು ನೋಡಿದವರು ಹಾಗೆ ಕರೆಯಲಾರರು. ಕೋಟೆ ಪಟ್ಟಣಗಳೆಲ್ಲ ಕೈಬಿಟ್ಟ ಮೇಲೆ ಅಮೀರರ ರಾಜಧಾನಿ ಝ್ಮಾಲಾ ಎಂಬ ಡೇರೆಗಳ ನಗರವಾಯಿತು. ಹತ್ತಾರು ಸಾವಿರ ಜನ, ಅವರ ಒಂಟೆ, ಕುರಿ, ಅಕ್ಕಸಾಲಿಗರು, ಕಮ್ಮಾರರು, ಮಕ್ಕಳ ಓದು, ಗಾಯಾಳುಗಳ ಚಿಕಿತ್ಸೆ ಎಲ್ಲವೂ ವೃತ್ತಾಕಾರದ ಸಾಲುಗಳಲ್ಲಿ ಜೊತೆಗೇ ಸಾಗುತ್ತಿದ್ದವು. ಝ್ಮಾಲಾಗೆ ಇನ್ನೊಂದು ಉದ್ದೇಶವೂ ಇತ್ತು. ಸೈನಿಕರ, ಮುಖಂಡರ ಕುಟುಂಬಗಳು ಅಲ್ಲಿದ್ದರೆ ಗಂಡಸರು ಪಕ್ಷ ಬದಲಿಸಲಾರರು. ಕೈ ಹಿಡಿದು ಬೈಅತ್ ಮಾಡಿದ ಕಾಲದಿಂದ ಹೋರಾಟ ಎಷ್ಟು ದೂರ ಬಂದಿತ್ತೆಂಬುದಕ್ಕೆ ಇದೊಂದೇ ಸಾಕು. 1843ರ ಮೇ 16ರಂದು, ಅಮೀರರು ಇಲ್ಲದ ಹೊತ್ತಿನಲ್ಲಿ, ಫ್ರೆಂಚ್ ರಾಜಕುಮಾರ ದೋಮಾಲ್ ಸುಮಾರು ಐದುನೂರು ಸವಾರರೊಂದಿಗೆ ಅದರ ಮೇಲೆರಗಿದ. ಸುಮಾರು 3 ಸಾವಿರ ಜನ ಸೆರೆಯಾದರು.

ಸೆರೆಯಾಳುಗಳ ವಿಷಯದಲ್ಲಿ ಅಮೀರರ ನಿಯಮವೇ ಬೇರೆಯಾಗಿತ್ತು. ಶತ್ರುವಿನ ತಲೆ ಕಡಿದು ತಂದವನಿಗೆ ಬಹುಮಾನ ಕೊಡುವ ಹಳೆಯ ಪದ್ಧತಿಯನ್ನು ನಿಲ್ಲಿಸಿ, ಜೀವಂತವಾಗಿ ತಂದವನಿಗೆ ಬಹುಮಾನ ನಿಗದಿಪಡಿಸಿದ್ದರು. ಸೆರೆ ಸಿಕ್ಕ ಹೆಂಗಸರ ಆರೈಕೆಯನ್ನು ಅವರ ತಾಯಿ ಲಾಲ್ಲಾ ಝಹ್ರಾ ನೋಡಿಕೊಳ್ಳುತ್ತಿದ್ದರು. 1841ರಲ್ಲಿ ಅಲ್ಜೀರ್ಸ್‌ನ ಬಿಷಪ್ ದ್ಯುಪುಶ್ ಮೂಲಕ ಎರಡೂ ಕಡೆಯ ಸೆರೆಯಾಳುಗಳ ವಿನಿಮಯ ನಡೆಯಿತು. ಆದರೆ 1846ರ ಏಪ್ರಿಲ್‌ನಲ್ಲಿ, ಅಮೀರರು ದೂರವಿದ್ದಾಗ, ಅವರ ಶಿಬಿರದಲ್ಲಿದ್ದ ಫ್ರೆಂಚ್ ಸೆರೆಯಾಳುಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಲಾಯಿತು. ಉಣಿಸಲು ಧಾನ್ಯವಿರಲಿಲ್ಲ, ಬಿಟ್ಟುಬಿಡುವ ಧೈರ್ಯವೂ ಇರಲಿಲ್ಲ. ಅಮೀರರ ಹೋರಾಟದ ಮೇಲೆ ಬಿದ್ದ ಈ ಕಲೆಯನ್ನು ಮುಚ್ಚಿಡುವ ಅಗತ್ಯವಿಲ್ಲ.

ಆಸರೆಯಾಗಿದ್ದ ಮೊರಾಕ್ಕೊ 1844ರ ಆಗಸ್ಟ್‌ನಲ್ಲಿ ಇಸ್ಲೀ ಕದನದಲ್ಲಿ ಸೋತು, ಅಮೀರರನ್ನು ಕಾನೂನುಬಾಹಿರರೆಂದು ಸಾರುವ ಒಪ್ಪಂದಕ್ಕೆ ಸಹಿ ಹಾಕಿತು. 1847ರ ಕೊನೆಗೆ ಸುಲ್ತಾನರ ಸೇನೆಯೇ ಅವರ ಬೆನ್ನಟ್ಟಿತು. ಡಿಸೆಂಬರ್ 21ರಂದು ಮೂಲೂಯಾ ನದಿ ದಾಟುವಾಗ ಅವರ ನಂಬಿಕಸ್ಥ ಸೈನಿಕರಲ್ಲಿ ಅನೇಕರು ಬಿದ್ದರು. ಎದುರಿಗಿನ ಕಣಿವೆಯನ್ನು ಫ್ರೆಂಚರು ಕಾಯುತ್ತಿದ್ದರು. ಮಳೆ ಸುರಿಯುವ ಆ ರಾತ್ರಿ ಅಮೀರರು ಉಳಿದ ಸಂಗಾತಿಗಳನ್ನು ಸೇರಿಸಿ ಪರಿಸ್ಥಿತಿಯನ್ನು ಮುಂದಿಟ್ಟರು. ಗಟ್ಟಿ ಕುದುರೆಗಳಿರುವ ಕೆಲವರು ನುಸುಳಿಕೊಂಡು ಮರುಭೂಮಿ ಸೇರಬಹುದು, ಆದರೆ ಹೆಂಗಸರು, ಮಕ್ಕಳು, ಗಾಯಾಳುಗಳು ಶತ್ರುವಿನ ಕೈಗೆ ಬೀಳುತ್ತಾರೆ. ಇನ್ನೂ ಹೋರಾಡಬೇಕೆಂದು ಹೇಳುವವರಿದ್ದರೆ ತಾನು ಸಿದ್ಧ ಎಂದರು. ಯಾರೂ ಹಾಗೆ ಹೇಳಲಿಲ್ಲ. ಮಳೆಯಲ್ಲಿ ಬರೆಯಲಾಗದೆ ಖಾಲಿ ಕಾಗದದ ಮೇಲೆ ಮುದ್ರೆಯೊತ್ತಿ ಜನರಲ್ ಲಾಮೊರಿಸಿಯೆರ್‌ಗೆ ಕಳುಹಿಸಿದರು. ಡಿಸೆಂಬರ್ 23ರಂದು ಶರಣಾದರು. ಮೊದಲ ಬೈಅತ್‌ಗೆ ಆಗ ಹದಿನೈದು ವರ್ಷ ತುಂಬಿ ಒಂದು ತಿಂಗಳಾಗಿತ್ತು.

ಅಲೆಕ್ಸಾಂಡ್ರಿಯಾ ಅಥವಾ ಅಕ್ಕಾಗೆ ಕಳುಹಿಸುತ್ತೇವೆಂದು ಕೊಟ್ಟ ಮಾತನ್ನು ಫ್ರಾನ್ಸ್ ಉಳಿಸಿಕೊಳ್ಳಲಿಲ್ಲ. ಟೂಲಾನ್, ಪೋ, ಆಂಬ್ವಾಸ್‌ಗಳಲ್ಲಿ ಸುಮಾರು ಐದು ವರ್ಷ ಸೆರೆಯಲ್ಲಿಟ್ಟಿತು. ಅವರ ಜೊತೆಗಿದ್ದವರಲ್ಲಿ ಸುಮಾರು ಇಪ್ಪತ್ತೈದು ಮಂದಿ ಆಂಬ್ವಾಸ್ ಕೋಟೆಯ ಮಣ್ಣಿನಲ್ಲೇ ಮಲಗಿದ್ದಾರೆ. 1852ರಲ್ಲಿ ಲೂಯಿ ನೆಪೋಲಿಯನ್ ಬಿಡುಗಡೆ ಮಾಡಿದ ಮೇಲೆ ಬುರ್ಸಾದಲ್ಲಿದ್ದು, 1855ರಲ್ಲಿ ದಮಾಸ್ಕಸ್ ಸೇರಿದರು. ಅಲ್ಲಿ ದರ್ಸ್, ತಸವ್ವುಫ್, ಗ್ರಂಥ ರಚನೆ. 1860ರ ಜುಲೈಯಲ್ಲಿ ದಮಾಸ್ಕಸ್‌ನ ಕ್ರೈಸ್ತರ ಮೇಲೆ ಗಲಭೆಕೋರರು ಬಿದ್ದಾಗ ಅಮೀರರು ತನ್ನ ಅಲ್ಜೀರಿಯನ್ ಸಂಗಡಿಗರೊಂದಿಗೆ ಬೀದಿಗಿಳಿದು ಸಾವಿರಾರು ಜನರನ್ನು ಮನೆಯಲ್ಲಿಟ್ಟು ಕಾಪಾಡಿದರು. ಕ್ರೈಸ್ತರೊಬ್ಬರನ್ನು ಜೀವಂತವಾಗಿ ತಂದೊಪ್ಪಿಸಿದವರಿಗೆ ಬಹುಮಾನ ಸಾರಿದರು. ಯುದ್ಧಕಾಲದ ಅವರ ಹಳೆಯ ನಿಯಮವೇ ಅದು. 1883ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಇಬ್ನ್ ಅರಬಿಯವರ ಪಕ್ಕದಲ್ಲಿ ದಫನ ಮಾಡಲಾಯಿತು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದ ನಂತರ ಅವರ ಅವಶೇಷಗಳನ್ನು ತಾಯ್ನಾಡಿಗೆ ತರಲಾಯಿತು.

ಅವರು ಬಿಟ್ಟುಹೋದ ನಾಡಿನಲ್ಲಿ ಕಡ್ಡಾಯ ಭರ್ತಿಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಮರಳಿ ಬಂತು. 1912ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಲ್ಜೀರಿಯಾದ ಮುಸ್ಲಿಮ್ ಯುವಕರನ್ನು ತನ್ನ ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಳ್ಳುವ ಆಜ್ಞೆ ಹೊರಡಿಸಿತು. ಫ್ರೆಂಚ್ ಯುವಕನಿಗೆ ಆಗ ಎರಡು ವರ್ಷ ಸೇವೆ, ಪೌರತ್ವವೇ ಇಲ್ಲದ ಮುಸ್ಲಿಮನಿಗೆ ಮೂರು ವರ್ಷ. ಆಜ್ಞೆ ಬರಲಿದೆಯೆಂಬ ಸುದ್ದಿ ಹಬ್ಬಿದಾಗಲೇ, 1911ರಲ್ಲಿ, ತಿಲಿಮ್ಸಾನಿನ ನೂರಾರು ಮಂದಿ ಮನೆಮಠ ಮಾರಿ ಸಿರಿಯಾಕ್ಕೆ ಹೊರಟರು. 1916ರಲ್ಲಿ ಔರಾಸ್ ಬೆಟ್ಟದ ಸೀಮೆಯಲ್ಲಿ ಭರ್ತಿಯ ವಿರುದ್ಧ ದಂಗೆಯೆದ್ದಿತು. ಆದರೂ ಒಂದನೇ ಮಹಾಯುದ್ಧದಲ್ಲಿ ಸುಮಾರು 1,73,000 ಅಲ್ಜೀರಿಯನ್ ಮುಸ್ಲಿಮರು ಫ್ರಾನ್ಸಿಗಾಗಿ ಸೇವೆ ಸಲ್ಲಿಸಿದರು. ಅಮೀರರ ಮೊಮ್ಮಗ, ಫ್ರೆಂಚ್ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಖಾಲಿದ್, ಯುದ್ಧ ಮುಗಿದ ಮೇಲೆ ಈ ಸೇವೆಗೆ ಪ್ರತಿಯಾಗಿ ಸಮಾನ ಹಕ್ಕುಗಳನ್ನು ಕೇಳಿದರು. ಫ್ರೆಂಚ್ ಸರಕಾರದ ಒತ್ತಡದಿಂದ 1923ರಲ್ಲಿ ಅವರು ದೇಶ ಬಿಡಬೇಕಾಯಿತು. 1936ರಲ್ಲಿ ಅವರು ಕೊನೆಯುಸಿರೆಳೆದದ್ದೂ ದಮಾಸ್ಕಸ್‌ನಲ್ಲೇ.